ಮನೆವಣದ ಲೆಕ್ಕ: ಸಿಂಗಪುರದ ಮನೆಯೊಡೆಯರ ಎರಡು ಬೇಡಿಕೆಗಳು



ನಮ್ಮ ಹಳೆಯ ಶಾಸನಗಳಲ್ಲಿ ದತ್ತಿಯೂ ತೆರಿಗೆಯೂ ಒಂದೇ ಕಲ್ಲಿನ ಮೇಲೆ ಸಿಗುತ್ತವೆ. ಗುಡಿಗೋ ಕೆರೆಗೋ ಭೂಮಿ ಬಿಟ್ಟರು ಎಂದು ಬರೆದ ಕಡೆ, ಯಾವ ಯಾವ ತೆರಿಗೆಯನ್ನು ಅದರ ಜತೆಗೆ ಬಿಟ್ಟುಕೊಟ್ಟರು ಎಂಬ ವಿವರವೂ ಎಷ್ಟೋ ಸಲ ಇರುತ್ತದೆ. ಗಾಣದೆರೆ, ಮಗ್ಗದೆರೆ, ಹೆಜ್ಜುಂಕ, ಮನೆವಣ. ಮನೆವಣವೆಂದರೆ ಮನೆಯ ಮೇಲಿನ ಹಣ, ಇವತ್ತಿನ ಆಸ್ತಿ ತೆರಿಗೆಯ ಮುತ್ತಜ್ಜಿ. ಅದೇ ಶಾಸನಗಳ ಇನ್ನೆರಡು ಮಾತುಗಳನ್ನು ನಿಮ್ಮ ನೆನಪಿಗೆ ತರಬೇಕು. ಒಂದು ‘ಸಿದ್ಧಾಯ’, ಅಂದರೆ ಇಷ್ಟೇ ಎಂದು ಮೊದಲೇ ಗೊತ್ತುಮಾಡಿಟ್ಟ ಕಂದಾಯ. ಇನ್ನೊಂದು ‘ಕಿರುಕುಳ’, ಅಂದರೆ ಅದರ ಮೇಲೆ ಬೀಳುವ ಚಿಲ್ಲರೆ ತೆರಿಗೆಗಳು. ಸಿದ್ಧಾಯ ನಮ್ಮ ಆಡುಮಾತಿನಿಂದ ಮಾಯವಾಯಿತು. ಕಿರುಕುಳ ಉಳಿಯಿತು, ಆದರೆ ಯಾವ ಅರ್ಥದಲ್ಲಿ ಉಳಿಯಿತೆಂಬುದು ನಿಮಗೆ ಗೊತ್ತಿದೆ. ತೆರಿಗೆ ಕೊಡುವವರ ನೋವು ಭಾಷೆಯ ಒಳಗೆ ಹೀಗೆ ಕೂತುಬಿಟ್ಟಿದೆ ಎಂದು ನನಗೆ ಅನ್ನಿಸುತ್ತದೆ.

ಸಿಂಗಪುರದಲ್ಲಿ ಸ್ವಂತ ಮನೆಯಿರುವ ನಾವು ಪ್ರತಿ ವರ್ಷ ಕಟ್ಟುವ ಆಸ್ತಿ ತೆರಿಗೆ ಸಿದ್ಧಾಯಕ್ಕೆ ಎಷ್ಟು ಹತ್ತಿರ, ಎಷ್ಟು ದೂರ ಎಂಬುದು ಇಂದಿನ ವಿಷಯ. ಇದು ಶ್ರೀಮಂತರ ಚಿಂತೆ ಎಂದು ಯಾರಾದರೂ ಅಂದುಕೊಂಡಿದ್ದರೆ ಆ ಮಾತು ಈ ಊರಿಗೆ ಹೊಂದುವುದಿಲ್ಲ. ಇಲ್ಲಿನ ನಿವಾಸಿ ಕುಟುಂಬಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ತಮ್ಮದೇ ಮನೆಯಲ್ಲಿವೆ, ಅವುಗಳಲ್ಲಿ ಬಹುಪಾಲು ಸರ್ಕಾರಿ ವಸತಿ ಮಂಡಳಿಯಾದ ಎಚ್‌ಡಿಬಿಯ ಫ್ಲ್ಯಾಟಿನಲ್ಲಿ. 1968ರಿಂದ ಭವಿಷ್ಯನಿಧಿಯ, ಅಂದರೆ ಸಿಪಿಎಫ್‌ನ, ಹಣವನ್ನೇ ತೆಗೆದು ಫ್ಲ್ಯಾಟ್ ಕೊಳ್ಳಲು ಸರ್ಕಾರ ದಾರಿ ಮಾಡಿಕೊಟ್ಟಿತು. ಹಾಗಾಗಿ ಇಲ್ಲಿ ದುಡಿದು ನಿವೃತ್ತರಾದವರ ಬೆವರೆಲ್ಲ ಗೋಡೆಗಳಾಗಿ ನಿಂತಿದೆ. ಗೋಡೆ ಬೆಲೆಬಾಳುತ್ತದೆ, ಆದರೆ ಗೋಡೆಯಿಂದ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳಲಾಗುವುದಿಲ್ಲ.

ಐರಾಸ್ ಎಂದು ನಾವೆಲ್ಲ ಕರೆಯುವ ಇನ್‌ಲ್ಯಾಂಡ್ ರೆವೆನ್ಯೂ ಅಥಾರಿಟಿ ಪ್ರತಿ ವರ್ಷದ ಕೊನೆಗೆ ಮುಂದಿನ ವರ್ಷದ ಬಿಲ್ಲು ಕಳಿಸುತ್ತದೆ. ಜನವರಿ 31ರೊಳಗೆ ಕಟ್ಟಬೇಕು, ಇಲ್ಲವೇ ಬಡ್ಡಿಯಿಲ್ಲದೆ ಹನ್ನೆರಡು ಕಂತಿನಲ್ಲಿ ಬ್ಯಾಂಕಿನಿಂದ ಕಡಿತವಾಗಲು ಜೈರೋ ಮೂಲಕ ಒಪ್ಪಿಗೆ ಕೊಡಬೇಕು. ತಡಮಾಡಿದರೆ ನೂರಕ್ಕೆ ಐದರ ದಂಡ. ಬಿಲ್ಲಿನ ಮೇಲೆ ಮನೆಯ ಬೆಲೆ ಇರುವುದಿಲ್ಲ. ಏವಿ ಎಂದು ನಾವು ಹೇಳುವ ವಾರ್ಷಿಕ ಮೌಲ್ಯ ಇರುತ್ತದೆ. ಈ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ವರ್ಷಕ್ಕೆ ಎಷ್ಟು ಬರುತ್ತಿತ್ತು ಎಂಬ ಅಂದಾಜು ಅದು. ಪೀಠೋಪಕರಣದ ಬಾಡಿಗೆಯನ್ನೂ ಕಾಂಡೋದ ನಿರ್ವಹಣಾ ಶುಲ್ಕವನ್ನೂ ಅದರಿಂದ ಕಳೆದಿರುತ್ತಾರೆ. ನೀವೇ ಆ ಮನೆಯಲ್ಲಿದ್ದರೆ ಕಡಿಮೆ ದರ, ಬಾಡಿಗೆಗೆ ಕೊಟ್ಟಿದ್ದರೆ ಅಥವಾ ಬೀಗ ಹಾಕಿಟ್ಟಿದ್ದರೆ ಹೆಚ್ಚಿನ ದರ. ಗಂಡ ಹೆಂಡತಿಗೆ ಎರಡು ಮನೆಯಿದ್ದರೂ ಸ್ವವಾಸದ ದರ ಒಂದಕ್ಕೇ.

ಒಂದು ಕ್ಷಣ ಇದನ್ನು ಯೋಚಿಸಿ ನೋಡಿ. ನೀವು ನಿಮ್ಮ ಮನೆಯಲ್ಲೇ ಇದ್ದೀರಿ. ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ. ಒಂದು ಗೋಡೆಗೂ ಹೊಸ ಬಣ್ಣ ಹೊಡೆಸಿಲ್ಲ. ಪಕ್ಕದ ಬೀದಿಯಲ್ಲಿ ಯಾರೋ ತಮ್ಮ ಮನೆಯನ್ನು ಮೊದಲಿಗಿಂತ ಹೆಚ್ಚು ಬಾಡಿಗೆಗೆ ಕೊಟ್ಟರು. ನಿಮ್ಮ ತೆರಿಗೆ ಏರಿತು. ಇದು ಅನ್ಯಾಯವೇ?

ನನ್ನ ಉತ್ತರ: ಅಲ್ಲ, ಅನ್ಯಾಯವಲ್ಲ. ಆದರೆ ನಿಮ್ಮ ದೂರು ಸುಳ್ಳೂ ಅಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದೆ ಈ ಚರ್ಚೆ ಮುಂದೆ ಸಾಗುವುದಿಲ್ಲ.

ಅನ್ಯಾಯವಲ್ಲ ಯಾಕೆ ಎಂದರೆ, ಸಿಂಗಪುರ 2008ರ ಫೆಬ್ರುವರಿ 15ರಂದು ಮೃತರ ಆಸ್ತಿಯ ಮೇಲಿನ ಸುಂಕವನ್ನು ರದ್ದುಮಾಡಿತು. ಇಲ್ಲಿ ಬೇರೆ ಸಂಪತ್ತಿನ ತೆರಿಗೆಯಿಲ್ಲ. ಸಂಪತ್ತಿನ ಮೇಲೆ, ಇರುವವರಿಂದ ಹೆಚ್ಚು, ಇಲ್ಲದವರಿಂದ ಕಡಿಮೆ ಪಡೆಯಲು ಸರ್ಕಾರದ ಕೈಗೆ ಉಳಿದಿರುವ ಮುಖ್ಯ ಸಾಧನ ಆಸ್ತಿ ತೆರಿಗೆ. 2011ರ ವರೆಗೆ ಸ್ವವಾಸದ ಮನೆಗಳಿಗೆಲ್ಲ ನೂರಕ್ಕೆ ನಾಲ್ಕು ಎಂಬ ಒಂದೇ ದರವಿತ್ತು. ಆ ವರ್ಷದಿಂದ ಮೆಟ್ಟಿಲು ಮೆಟ್ಟಿಲಾಗಿ ಏರುವ ದರಗಳು ಬಂದವು, ಮೊದಲ 6,000 ಡಾಲರಿಗೆ ತೆರಿಗೆಯಿಲ್ಲ ಎಂದಾಯಿತು. ಒಂದು ಮತ್ತು ಎರಡು ಕೋಣೆಯ ಎಚ್‌ಡಿಬಿ ಫ್ಲ್ಯಾಟಿನಲ್ಲಿರುವವರು ಇವತ್ತು ಏನನ್ನೂ ಕಟ್ಟುವುದಿಲ್ಲ. ಇದು ಸರಿಯಾದ ದಾರಿ ಎಂದು ನಾನು ನಂಬುತ್ತೇನೆ. ತೆರಿಗೆಯೇ ಬೇಡವೆನ್ನುವ ಮನೆಯೊಡೆಯರ ಪರವಾಗಿ ಮಾತಾಡಲು ನಾನು ಬಂದಿಲ್ಲ.

ದೂರು ಎಲ್ಲಿ ನಿಜವಾಗುತ್ತದೆ ಎಂದು ತೋರಿಸಲು ನನ್ನ ಹಿರಿಯ ಸ್ನೇಹಿತರೊಬ್ಬರ ಕಡತವನ್ನು ಬಿಚ್ಚುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ. 1980ರ ದಶಕದಲ್ಲಿ ಮಲೆನಾಡಿನಿಂದ ಇಲ್ಲಿನ ಹಡಗುಕಟ್ಟೆಗೆ ಎಂಜಿನಿಯರಾಗಿ ಬಂದವರು, ಇಲ್ಲಿಯ ಪೌರರಾದವರು. ಸೆರಂಗೂನ್ ಗಾರ್ಡನ್ಸಿನ ಒಂದು ಸಾಲುಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದಾರೆ. ಹಿತ್ತಿಲಲ್ಲಿ ಕರಿಬೇವು ಇದೆ, ಕುಂಡದಲ್ಲಿ ಒಂದು ಮಲ್ಲಿಗೆ.

2022ರಲ್ಲಿ ಆ ಮನೆಯ ಏವಿ 36,000 ಡಾಲರ್. ತೆರಿಗೆಯಿಲ್ಲದ ಮೊದಲ ಭಾಗ ಅಷ್ಟರಲ್ಲಿ 6,000ದಿಂದ 8,000ಕ್ಕೆ ಏರಿತ್ತು, ಉಳಿದುದಕ್ಕೆ ನೂರಕ್ಕೆ ನಾಲ್ಕು. ತೆರಿಗೆ 1,120 ಡಾಲರ್. ಅಷ್ಟು ಹೊತ್ತಿಗೆ ಎರಡು ಘಟನೆಗಳು ಒಟ್ಟೊಟ್ಟಿಗೆ ನಡೆದವು. ಅಂದಿನ ಹಣಕಾಸು ಸಚಿವ ಲಾರೆನ್ಸ್ ವಾಂಗ್ 2022ರ ಫೆಬ್ರುವರಿಯ ಬಜೆಟ್ಟಿನಲ್ಲಿ ಸ್ವವಾಸದ ಮನೆಗಳ 30,000ಕ್ಕಿಂತ ಮೇಲಿನ ಏವಿಗೂ ಬಾಡಿಗೆಗೆ ಕೊಟ್ಟ ಮನೆಗಳಿಗೂ ದರಗಳನ್ನು ಎರಡು ಹಂತದಲ್ಲಿ ಏರಿಸುವುದಾಗಿ ಹೇಳಿದರು. ಸ್ವವಾಸದ ಮನೆಗಳ ಅತಿ ಎತ್ತರದ ದರ 16ರಿಂದ 2023ರಲ್ಲಿ 23ಕ್ಕೆ, 2024ರಲ್ಲಿ 32ಕ್ಕೆ. ಬಾಡಿಗೆಗೆ ಕೊಟ್ಟವಕ್ಕೆ 20ರಿಂದ 27, ಅಲ್ಲಿಂದ 36. ಇದು ಸ್ವವಾಸದ ಮನೆಗಳಲ್ಲಿ ಮೇಲಿನ ನೂರಕ್ಕೆ ಏಳನ್ನು ಮಾತ್ರ ಮುಟ್ಟುತ್ತದೆ ಎಂಬ ಅಂದಾಜಿತ್ತು. ಎರಡನೆಯ ಹಂತದ ದರವನ್ನೂ ಸುಮಾರು ಎರಡು ವರ್ಷ ಮುಂಚಿತವಾಗಿ ಹೇಳಿದ್ದನ್ನು ನಾನು ಮೆಚ್ಚುತ್ತೇನೆ. ಸಿದ್ಧಾಯದ ಗುಣವೇ ಅದು.

ಆದರೆ ಎರಡನೆಯ ಘಟನೆಯನ್ನು ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ಕೋವಿಡ್ ಕಾಲದಲ್ಲಿ ಕಟ್ಟಡದ ಕೆಲಸಗಳು ನಿಂತು ಹೊಸ ಮನೆಗಳು ತಡವಾದವು. ಗಡಿ ತೆರೆದೊಡನೆ ಹೊರಗಿನಿಂದ ಕೆಲಸಗಾರರು ಬಂದರು. ಖಾಸಗಿ ಮನೆಗಳ ಬಾಡಿಗೆ 2022 ಒಂದರಲ್ಲೇ ನೂರಕ್ಕೆ 29.7ರಷ್ಟು ಏರಿತು, 2023ರಲ್ಲಿ ಮತ್ತೆ 8.7ರಷ್ಟು. ಬಾಡಿಗೆಯ ಅಂದಾಜೇ ತೆರಿಗೆಯ ಬುಡವಾದ್ದರಿಂದ ಬುಡವೂ ಬೆಳೆಯಿತು, ದರವೂ ಬೆಳೆಯಿತು. ಮೇಲಿನ ಕೆಲವರಿಗೆಂದು ಹಾಕಿದ ಮೆಟ್ಟಿಲನ್ನು ಎಷ್ಟೋ ಮನೆಗಳು ತಮಗೇ ತಿಳಿಯದಂತೆ ಹತ್ತಿ ನಿಂತವು. ದರ ಏರಿದ ಅದೇ ಎರಡು ಜನವರಿಗಳಲ್ಲಿ ಜಿಎಸ್‌ಟಿಯೂ 7ರಿಂದ 8ಕ್ಕೆ, 8ರಿಂದ 9ಕ್ಕೆ ಏರಿತ್ತು.

ಸ್ನೇಹಿತರ ಕಡತಕ್ಕೆ ಮರಳುತ್ತೇನೆ. 2023ರಲ್ಲಿ ಏವಿ 42,000, ತೆರಿಗೆ 1,520. ಆ ವರ್ಷ ಸ್ವವಾಸದ ಮನೆಗಳಿಗೆಲ್ಲ ನೂರಕ್ಕೆ 60ರ ರಿಯಾಯಿತಿ ಸಾರಿದ್ದರು, ಆದರೆ 60 ಡಾಲರಿನ ಮಿತಿಯೊಳಗೆ. ಕಟ್ಟಿದ್ದು 1,460. 2024ರಲ್ಲಿ ಏವಿ 45,000, ಹೊಸ ದರಗಳಲ್ಲಿ ತೆರಿಗೆ 1,980. ಆ ವರ್ಷ ರಿಯಾಯಿತಿಯ ಸ್ವರೂಪವೇ ಬದಲಾಯಿತು. ಮೂರು ಕೋಣೆಯ ಫ್ಲ್ಯಾಟಿಗೆ ನೂರಕ್ಕೆ 70, ನಾಲ್ಕು ಕೋಣೆಗೆ 50, ಐದಕ್ಕೆ 40, ಖಾಸಗಿ ಮನೆಗೆ 15. ಇವರು ಕಟ್ಟಿದ್ದು 1,683. 2025ಕ್ಕೆ ಏವಿ ಅಷ್ಟೇ ಇತ್ತು, ಆದರೆ 2024ರ ಬಜೆಟ್ಟು ಮೆಟ್ಟಿಲುಗಳನ್ನೇ ಮೇಲಕ್ಕೆ ಸರಿಸಿತ್ತು. ತೆರಿಗೆಯಿಲ್ಲದ ಮೊದಲ ಭಾಗ 8,000ದಿಂದ 12,000ಕ್ಕೆ, ಅತಿ ಎತ್ತರದ ದರ ಶುರುವಾಗುವ ಗಡಿ ಒಂದು ಲಕ್ಷದಿಂದ 1,40,000ಕ್ಕೆ. ತೆರಿಗೆ 1,420ಕ್ಕೆ ಇಳಿಯಿತು, ಖಾಸಗಿ ಮನೆಗಳ ನೂರಕ್ಕೆ 15ರ ರಿಯಾಯಿತಿ ಕಳೆದು 1,207.

1,120, 1,460, 1,683, 1,207. ಅದೇ ಮನೆ, ಅದೇ ಇಬ್ಬರು, ಅದೇ ಕರಿಬೇವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಕಲಿಸಿದರು. ಈ ದಂಪತಿ ಆ ಮಾತನ್ನು ಬದುಕಿನುದ್ದಕ್ಕೂ ಪಾಲಿಸಿದವರು. ಹಾಸಿಗೆಯ ಉದ್ದವನ್ನೇ ವರ್ಷ ವರ್ಷ ಡಿಸೆಂಬರಿನಲ್ಲಿ ಅಳೆದು ಹೇಳಿದರೆ ಅವರು ಏನು ಮಾಡಬೇಕು?

ಸರ್ಕಾರ ಕಿವಿಗೊಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಈ ನಾಡಿನಲ್ಲಿ ಮನೆಯೊಡೆಯರು ಬೀದಿಗಿಳಿಯುವುದಿಲ್ಲ. ಪತ್ರಿಕೆಗೆ ಓಲೆ ಬರೆಯುತ್ತಾರೆ. ಸಂಜೆ ಫ್ಲ್ಯಾಟಿನ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ ಸಂಸದರು ಜನರನ್ನು ಕಾಣುವ ಹೊತ್ತಿಗೆ ಹೋಗಿ ಸರತಿಯಲ್ಲಿ ಕೂರುತ್ತಾರೆ. ಸಂಸತ್ತಿನಲ್ಲಿ ಪ್ರಶ್ನೆ ಏಳುತ್ತದೆ. ಹಾಗೆ ಎದ್ದ ಪ್ರಶ್ನೆಗಳಲ್ಲಿ ಹಲವು ನಿವೃತ್ತರದು: ಮನೆ ದೊಡ್ಡದು, ಕೈಯಲ್ಲಿ ಕಾಸಿಲ್ಲ. ಹಣವಿಲ್ಲದ ನಿವೃತ್ತರಿಗೆ 24 ತಿಂಗಳ ಬಡ್ಡಿಯಿಲ್ಲದ ಕಂತಿನ ಏರ್ಪಾಟು ಬಂದದ್ದೂ, ಮೆಟ್ಟಿಲುಗಳು ಸರಿದದ್ದೂ ಆ ಒತ್ತಾಯದ ಫಲವೇ ಎಂದು ನಾನು ತಿಳಿದಿದ್ದೇನೆ.

ಇಲ್ಲಿ ಒಂದು ಭೇದವನ್ನು ನೀವು ಗಮನಿಸಬೇಕು, ಯಾಕೆಂದರೆ ನನ್ನ ವಾದ ನಿಂತಿರುವುದು ಅದರ ಮೇಲೆ. ರಿಯಾಯಿತಿಯೂ ಮೆಟ್ಟಿಲು ಸರಿಸುವುದೂ ಬಿಲ್ಲಿನಲ್ಲಿ ಒಂದೇ ಥರ ಕಾಣುತ್ತವೆ, ಎರಡರಿಂದಲೂ ಮೊತ್ತ ಇಳಿಯುತ್ತದೆ. ಆದರೆ ರಿಯಾಯಿತಿ ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಸಾರುವ ಒಂದು ವರ್ಷದ ದಯೆ. ಮುಂದಿನ ವರ್ಷ ಬರುತ್ತದೆಯೇ, ಬಂದರೆ ಎಷ್ಟು ಎಂಬುದು ಯಾರಿಗೂ ಗೊತ್ತಿಲ್ಲ. ಕೊಟ್ಟವರಿಗೆ ಕೈಮುಗಿಯಬಹುದು, ಅದನ್ನು ನಂಬಿ ಖರ್ಚಿನ ಲೆಕ್ಕ ಹಾಕಲಾಗುವುದಿಲ್ಲ. ಮೆಟ್ಟಿಲು ಕಾನೂನಿನಲ್ಲಿದೆ, ಮತ್ತೆ ಬದಲಿಸುವ ತನಕ ನಿಂತಿರುತ್ತದೆ. ಮೂರು ವರ್ಷದ ರಿಯಾಯಿತಿಗಿಂತ 2025ರ ಮೆಟ್ಟಿಲೇ ನನ್ನ ಸ್ನೇಹಿತರಿಗೆ ನೆಮ್ಮದಿ ಕೊಟ್ಟಿತು. ಮನೆಯೊಡೆಯರು ಒತ್ತಾಯಿಸಬೇಕಾದದ್ದು ಇದಕ್ಕಾಗಿ. ‘ಕಡಿಮೆ ಮಾಡಿ’ ಎಂದು ಕೇಳುವುದಕ್ಕಿಂತ ‘ಮೊದಲೇ ತಿಳಿಸಿ, ತಿಳಿಸಿದ್ದಕ್ಕೆ ಬದ್ಧರಾಗಿರಿ’ ಎಂದು ಕೇಳುವುದು ಹೆಚ್ಚು ಗಟ್ಟಿಯಾದ ಬೇಡಿಕೆ. ಮೊದಲನೆಯದಕ್ಕೆ ಖಜಾನೆಗೆ ನಷ್ಟ, ಎರಡನೆಯದಕ್ಕೆ ಅಷ್ಟು ನಷ್ಟವಿಲ್ಲ.

ಆಕ್ಷೇಪಕ್ಕೆ ದಾರಿಯಿಲ್ಲವೇ ಎಂದು ನೀವು ಕೇಳಬಹುದು. ಇದೆ. ಏವಿ ಹೆಚ್ಚಾಯಿತೆಂದು ಅನ್ನಿಸಿದರೆ ಚೀಫ್ ಅಸೆಸರ್‌ಗೆ ಆಕ್ಷೇಪ ಸಲ್ಲಿಸಬಹುದು, ಅಲ್ಲಿ ಒಪ್ಪದಿದ್ದರೆ ವ್ಯಾಲ್ಯುಯೇಶನ್ ರಿವ್ಯೂ ಬೋರ್ಡ್, ಅದರ ಮೇಲೆ ಹೈಕೋರ್ಟ್. ಅಷ್ಟರ ತನಕ ಬಿಲ್ಲನ್ನು ಕಟ್ಟಿಯೇ ಇರಬೇಕು. ನಮ್ಮಲ್ಲಿ ಅನೇಕರು ಈ ದಾರಿಯನ್ನು ಬಳಸುವುದೇ ಇಲ್ಲ. ಸುತ್ತಲಿನ ಮನೆಗಳ ಬಾಡಿಗೆ ಎಷ್ಟಿದೆ ಎಂದು ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಯುಆರ್‌ಎಯ, ಜಾಲತಾಣದಲ್ಲಿ ನೋಡಿಕೊಂಡು, ನಿಮ್ಮ ಮನೆಯ ಅಳತೆ ಸ್ಥಿತಿಗಳ ಜತೆ ಹೋಲಿಸಿ ಬರೆದರೆ ಓದಿ ಉತ್ತರಿಸುತ್ತಾರೆ. ಆದರೆ ಆ ಬಾಗಿಲು ತೆರೆಯುವುದು ‘ಅಂದಾಜು ತಪ್ಪು’ ಎನ್ನುವವರಿಗೆ. ‘ಅಂದಾಜು ಸರಿ, ಆದರೆ ಏರಿಕೆ ಒಮ್ಮೆಲೇ ಬಂತು’ ಎನ್ನುವವರಿಗೆ ಅಲ್ಲಿ ಜಾಗವಿಲ್ಲ.

ಮೊದಲೇ ತಿಳಿಯುವ ಗುಣವನ್ನು ಹೋಲಿಸಿ ನೋಡಲು ಈಗ ಬೆಂಗಳೂರಿಗೆ ಬನ್ನಿ. ನಮ್ಮಲ್ಲಿ ಎಷ್ಟೋ ಜನರಿಗೆ ಅಲ್ಲಿಯೂ ಒಂದು ಮನೆಯೋ ಸೈಟೋ ಇದೆ, ಏಪ್ರಿಲ್ ಬಂದರೆ ನೂರಕ್ಕೆ ಐದರ ರಿಯಾಯಿತಿ ತಪ್ಪದಿರಲೆಂದು ಇಲ್ಲಿಂದಲೇ ಕಟ್ಟುತ್ತೀರಿ. 2000ದಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸ್ವಯಂ ಘೋಷಣೆಯ ಪದ್ಧತಿ ತಂದಾಗ ಅದು ದೊಡ್ಡ ಬದಲಾವಣೆ. ಅಲ್ಲಿಯ ತನಕ ಕಂದಾಯದ ಅಧಿಕಾರಿ ಬಂದು ನೋಡಿ ಅಂದಾಜಿಸಿದ್ದೇ ತೆರಿಗೆ. ಕೈಪಿಡಿ ತೆರೆದು, ಚದರಡಿ ಗುಣಿಸಿ, ತಾವೇ ತೆರಿಗೆ ಕಂಡುಹಿಡಿದು ಚೆಕ್ ಬರೆದ ಜನರ ಮುಖದಲ್ಲಿ ಒಂದು ಬಗೆಯ ಗೌರವವಿತ್ತು. ನನ್ನ ತಂದೆ ಅಡುಗೆಮನೆಯ ಅಗಲವನ್ನು ಟೇಪಿನಲ್ಲಿ ಅಳೆದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 2008ರಿಂದ ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ ಬಂತು. ಊರನ್ನು ಮಾರ್ಗಸೂಚಿ ಬೆಲೆಯಂತೆ ‘ಎ’ಯಿಂದ ‘ಎಫ್’ ವರೆಗಿನ ವಲಯಗಳಾಗಿ ಹಂಚಿ ಚದರಡಿಗೆ ತಿಂಗಳಿಗೆ ಇಷ್ಟು ಎಂದು ಹೇಳಿದರು. ‘ಎ’ ವಲಯದ ಆರ್‌ಸಿಸಿ ಮನೆಗೆ ಬಾಡಿಗೆಯಿದ್ದರೆ ಐದು ರೂಪಾಯಿ, ಸ್ವವಾಸಕ್ಕೆ ಎರಡೂವರೆ. ಮನೆಯೊಡೆಯರು ಮುಂದಿನ ವರ್ಷದ ತೆರಿಗೆಯನ್ನು ಹಿಂದಿನ ವರ್ಷವೇ ಲೆಕ್ಕ ಹಾಕಬಹುದಿತ್ತು. ಮುಂಚಿತವಾಗಿ ತಿಳಿಯುವ ಗುಣದಲ್ಲಿ ಅದು ಸಿಂಗಪುರದ ಏವಿಗಿಂತ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಆ ಗುಣವನ್ನು ಕೆಡಿಸಿದ್ದು ನಂತರದ ನಡವಳಿಕೆ. 2016ರಲ್ಲಿ ವಲಯಗಳು ಬದಲಾದವು. ಹಲವರು ಹಳೆಯ ವಲಯದಂತೆಯೇ ಕಟ್ಟುತ್ತ ಹೋದರು, ಕಟ್ಟಿದ್ದಕ್ಕೆ ರಸೀದಿಯೂ ಸಿಗುತ್ತ ಬಂತು. ವರ್ಷಗಳ ಮೇಲೆ 78,000ಕ್ಕೂ ಹೆಚ್ಚು ಮಂದಿಗೆ ನೋಟಿಸು ಹೋಯಿತು: ವ್ಯತ್ಯಾಸದ ಎರಡು ಪಟ್ಟು ದಂಡ, ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿ. ವ್ಯತ್ಯಾಸ ಕಟ್ಟಲು ಜನ ಹಿಂಜರಿಯಲಿಲ್ಲ. ತಾವು ಪ್ರಾಮಾಣಿಕವಾಗಿ ಘೋಷಿಸಿದ್ದೇವೆಂದು ನಂಬಿದ್ದವರನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿದ್ದು ಅವರಿಗೆ ಚುಚ್ಚಿತು. ದಂಡವನ್ನು ಕಡಿಮೆಮಾಡುವ ತಿದ್ದುಪಡಿಯೂ ಬಾಕಿಯನ್ನು ಒಂದೇ ಸಲ ತೀರಿಸುವ ಯೋಜನೆಯೂ ಬರಲು 2024 ಆಗಬೇಕಾಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ತೆರಿಗೆಯನ್ನು ನೇರವಾಗಿ ಮಾರ್ಗಸೂಚಿ ಬೆಲೆಗೆ ಕಟ್ಟುವ ಕರಡು ಹೊರಟು, ಏಪ್ರಿಲಿನಿಂದಲೇ ಜಾರಿ ಎಂದಿತ್ತು. ಆಕ್ಷೇಪಗಳು ಬಂದ ಮೇಲೆ ಅದು ಆಗ ಜಾರಿಗೆ ಬರಲಿಲ್ಲ. ಒಂದು ಕುಟುಂಬದ ವರ್ಷದ ಖರ್ಚನ್ನು ಬದಲಿಸುವ ವಿಷಯಕ್ಕೆ ಎರಡು ತಿಂಗಳ ಸಮಯ ಸಾಲದು.

ಮುಂಚಿತವಾಗಿ ತಿಳಿಯುವುದೊಂದೇ ಸಾಕು ಎಂದು ಹೊರಟ ನಾಡುಗಳೂ ಇವೆ, ಅವುಗಳ ಪಾಡನ್ನೂ ನೋಡಬೇಕು. ಕ್ಯಾಲಿಫೋರ್ನಿಯಾದ ಮನೆಯೊಡೆಯರು ಹೋವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಅವರ ಹಿಂದೆ ನಿಂತು 1978ರ ಜೂನ್ 6ರಂದು 13ನೇ ಪ್ರಸ್ತಾಪವನ್ನು ಗೆಲ್ಲಿಸಿದರು. ಮನೆ ಮಾರುವ ತನಕ ತೆರಿಗೆಯ ಬುಡ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರುವಂತಿಲ್ಲ. ಇದಕ್ಕಿಂತ ಭದ್ರವಾದ ಸಿದ್ಧಾಯ ಇರಲಾರದು. ಹತ್ತು ವರ್ಷದ ಮೇಲೆ ಲಾಸ್ ಏಂಜಲಿಸಿನಲ್ಲಿ ಮನೆ ಕೊಂಡ ಸ್ಟೆಫನಿ ನಾರ್ಡ್‌ಲಿಂಗರ್, ಅಂಥದ್ದೇ ಮನೆಯ ಹಳೆಯ ಒಡೆಯರಿಗಿಂತ ತಾವು ಸುಮಾರು ಐದು ಪಟ್ಟು ಕಟ್ಟುತ್ತಿರುವುದನ್ನು ಕಂಡು ನ್ಯಾಯಾಲಯಕ್ಕೆ ಹೋದರು. 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಆ ರಾಜ್ಯದಲ್ಲಿ ನೆಲೆಸಿದ ನಮ್ಮ ಕನ್ನಡದ ಕುಟುಂಬಗಳು, ತಡವಾಗಿ ಬಂದು ಮನೆ ಕೊಂಡವರಾದ್ದರಿಂದ, ಇವತ್ತಿಗೂ ಆ ಭಾರ ಹೊರುವ ಕಡೆ ಇವೆ. ಇಂಗ್ಲೆಂಡಿನಲ್ಲಿ ಮನೆಗಳ ಮೇಲಿನ ಕೌನ್ಸಿಲ್ ತೆರಿಗೆ ಇನ್ನೂ 1991ರ ಬೆಲೆಗಳ ಮೇಲೆ ನಿಂತಿದೆ, ಇಂದಿನ ಬೆಲೆಯನ್ನು ಅದು ನೋಡುವುದೇ ಇಲ್ಲ.

ಹಾಗಾಗಿ ಸಿಂಗಪುರದ ಏವಿಯನ್ನು ಕೈಬಿಡಬೇಕೆಂದು ನಾನು ಕೇಳುವುದಿಲ್ಲ. ಅದು ಪ್ರತಿ ವರ್ಷ ಸತ್ಯವನ್ನು ಹೇಳುತ್ತದೆ, ಹೊಸಬರನ್ನೂ ಹಳಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಆ ಸತ್ಯವನ್ನು ಸ್ವವಾಸದ ಮನೆಗಳ ಮಟ್ಟಿಗೆ ಸ್ವಲ್ಪ ನಿಧಾನವಾಗಿ ಬಿಲ್ಲಿಗೆ ಇಳಿಸಿ ಎನ್ನುವುದು ನನ್ನ ಮೊದಲ ಬೇಡಿಕೆ. ಒಂದು ವರ್ಷದ ಏವಿಯ ಬದಲು ಮೂರು ವರ್ಷಗಳ ಸರಾಸರಿ ಹಿಡಿಯಲಿ. ಸ್ನೇಹಿತರ ಮನೆಗೆ 2024ರಲ್ಲಿ 36,000, 42,000, 45,000ಗಳ ಸರಾಸರಿ 41,000 ಆಗುತ್ತಿತ್ತು. ಅದೇ ಏರಿದ ದರಗಳಲ್ಲೇ ತೆರಿಗೆ 1,980ರ ಬದಲು 1,580. ಯಾವ ರಿಯಾಯಿತಿಯೂ ಇಲ್ಲದೆ, ರಿಯಾಯಿತಿ ಕಳೆದು ಅವರು ನಿಜವಾಗಿ ಕಟ್ಟಿದ 1,683ಕ್ಕಿಂತ ಕಡಿಮೆ. ಬಾಡಿಗೆಗೆ ಕೊಟ್ಟ ಮನೆಗಳಿಗೆ ಇದು ಬೇಕಾಗಿಲ್ಲ. ಅಂಥ ಮನೆಯ 45,000 ಏವಿಗೆ 2024ರಲ್ಲಿ 6,600 ಡಾಲರ್ ತೆರಿಗೆಯಾಗುತ್ತಿತ್ತು, ಆದರೆ ಆ ಒಡೆಯರ ಕೈಗೆ ಏರಿದ ಬಾಡಿಗೆಯೂ ಬಂದಿರುತ್ತದೆ. ಎರಡನೆಯ ಬೇಡಿಕೆ: ಬಾಡಿಗೆಗಳು ಊರಿಗೆ ಊರೇ ಏರಿದಾಗ ಮೆಟ್ಟಿಲುಗಳೂ ಗೊತ್ತಾದ ಅವಧಿಗೊಮ್ಮೆ ತಾವಾಗಿ ಸರಿಯುವಂತೆ ಕಾನೂನಿನಲ್ಲೇ ಬರೆಯಲಿ. ಜನ ಕೇಳಿಕೊಳ್ಳುವ ತನಕ, ಬಜೆಟ್ಟಿನ ದಿನದ ತನಕ ಕಾಯುವುದು ಬೇಡ.

ಸರಾಸರಿಗೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡಬಾರದು. ಬಾಡಿಗೆ ಇಳಿದಾಗ ತೆರಿಗೆಯೂ ನಿಧಾನವಾಗಿಯೇ ಇಳಿಯುತ್ತದೆ. 2024ರಲ್ಲಿ ಖಾಸಗಿ ಬಾಡಿಗೆಗಳು ನೂರಕ್ಕೆ 1.9ರಷ್ಟು ಇಳಿದಿದ್ದವು. ಅಂಥ ಇಳಿಕೆ ವರ್ಷಗಳ ಕಾಲ ಮುಂದುವರಿದರೆ ನನ್ನ ಸ್ನೇಹಿತರು ಮಾರುಕಟ್ಟೆಗಿಂತ ತುಸು ಹೆಚ್ಚನ್ನೇ ಕಟ್ಟುತ್ತಿರಬೇಕಾಗುತ್ತದೆ. ಹೋದ ವಾರ ಅವರ ಮನೆಯ ಊಟದ ಮೇಜಿನ ಮೇಲೆ ಈ ಲೆಕ್ಕವನ್ನು ಹರಡಿ, ‘ಸರ್, ಇದು ನಿಮಗೆ ಒಪ್ಪಿಗೆಯೇ?’ ಎಂದು ಕೇಳಿದೆ. ಅವರು ಕನ್ನಡಕ ತೆಗೆದಿಟ್ಟು ಅಂಕಿಗಳನ್ನು ಮತ್ತೊಮ್ಮೆ ಕೂಡಿದರು. ಒಳಗಿನಿಂದ ಬಂದ ಅವರ ಹೆಂಡತಿ ಅವರಿಗಿಂತ ಮೊದಲು ಉತ್ತರ ಕೊಟ್ಟರು: ‘ಇಳಿಯೋವಾಗ ನಿಧಾನಕ್ಕೇ ಇಳೀಲಿ ಬಿಡಪ್ಪ. ಮುಂದಿನ ಜನವರಿಗೆ ಎಷ್ಟು ಎತ್ತಿಡಬೇಕು ಅಂತ ಈ ಜನವರಿಲೇ ಹೇಳಿದ್ರೆ ನಾನು ಎತ್ತಿಟ್ಟಿರ್ತೀನಿ.’ ಸ್ನೇಹಿತರು ಆ ಹಾಳೆಯ ಕೆಳಗೆ ಸಹಿ ಹಾಕಿದರು. ಬರುವ ವಾರ ಸಂಸದರನ್ನು ಕಾಣಲು ನಾವು ಮೂವರೂ ಅದನ್ನು ತೆಗೆದುಕೊಂಡು ಹೋಗುತ್ತಿದ್ದೇವೆ.